ಹಳೆ ಕಾರು ಕೊಳ್ಳುವ ಮುನ್ನ ಬಿಡಿಭಾಗ ಹುಡುಕಿ

ಮಾನ್ಯ ಸಂಪಾದಕರೇ,

ಹಳೆಯ ಯುರೋಪಿಯನ್ ಕಾರುಗಳನ್ನು ರಿಪೇರಿ ಮಾಡಿ ಮತ್ತೆ ರಸ್ತೆಗಿಳಿಸುವ ಹವ್ಯಾಸದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳು ಹೆಚ್ಚಾಗಿ ಕೆಲಸ ಮುಗಿದ ಮೇಲಿನ ಹೊಳಪನ್ನು ತೋರಿಸುತ್ತವೆ. ಯಾವ ಕಾರು ಆರಿಸಿಕೊಂಡರೆ ಆ ಕೆಲಸ ಮುಗಿಯುವ ಮಟ್ಟಕ್ಕೆ ಬರುತ್ತದೆ, ಯಾವುದನ್ನು ಆರಿಸಿಕೊಂಡರೆ ವರ್ಷಗಟ್ಟಲೆ ಟಾರ್ಪಾಲಿನಡಿ ನಿಲ್ಲುತ್ತದೆ ಎಂಬುದು ಅಪರೂಪಕ್ಕೆ ಚರ್ಚೆಯಾಗುತ್ತದೆ. ಈ ಹವ್ಯಾಸಕ್ಕೆ ಹೊಸದಾಗಿ ಇಳಿಯುವವರ ಉತ್ಸಾಹ ಅರ್ಧ ದಾರಿಯಲ್ಲಿ ಬತ್ತಬಾರದು ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಕೊಳ್ಳಲು ಹೋದವರು ಮೊದಲು ಕೇಳುವ ಪ್ರಶ್ನೆ, ಎಂಜಿನ್ ಸ್ಟಾರ್ಟ್ ಆಗುತ್ತದೆಯೇ ಎಂಬುದು. ನನ್ನ ಅಭಿಪ್ರಾಯದಲ್ಲಿ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಹಳೆ ಕಾರಿನಲ್ಲಿ ಅತಿ ಸುಲಭವಾಗಿ ಪರಿಹಾರ ಸಿಗುವುದು ಎಂಜಿನ್ನಿನ ತೊಂದರೆಗೇ. ಬಾಲ್ ಬೇರಿಂಗ್‌ಗಳು ಅಂತರರಾಷ್ಟ್ರೀಯ ನಂಬರಿನಲ್ಲಿ ಬರುತ್ತವೆ: 6205 ಎಂದರೆ ಯಾವ ಕಂಪನಿಯದಾದರೂ ಒಳವ್ಯಾಸ 25, ಹೊರವ್ಯಾಸ 52, ಅಗಲ 15 ಮಿಲಿಮೀಟರ್. ಆಯಿಲ್ ಸೀಲನ್ನು ಕಾರಿನ ಹೆಸರು ಹೇಳದೆ ಮೂರು ಅಳತೆ ಹೇಳಿ ತರಬಹುದು. ಎಂಜಿನ್ನಿನ ತಿರುಗು ದಂಡವಾದ ಕ್ರ್ಯಾಂಕ್‌ಶಾಫ್ಟ್ ಸವೆದಿದ್ದರೆ ಕಾಲು ಮಿಲಿಮೀಟರ್, ಅರ್ಧ ಮಿಲಿಮೀಟರ್ ಎಂದು ಹಂತ ಹಂತವಾಗಿ ಗ್ರೈಂಡ್ ಮಾಡಿ ಅದಕ್ಕೆ ತಕ್ಕ ಅಂಡರ್‌ಸೈಜ್ (ಒಳವ್ಯಾಸ ಕಿರಿದಾದ) ಬೇರಿಂಗ್ ಹಾಕಬಹುದು. ಬ್ರೇಕಿನ ಮಾಸ್ಟರ್ ಸಿಲಿಂಡರ್ ಒಳಗೆ ತುಕ್ಕು ಹಿಡಿದು ಗುಳಿ ಬಿದ್ದಿದ್ದರೆ, ಬೋರ್ ಮಾಡಿ ಸ್ಟೇನ್‌ಲೆಸ್ ಸ್ಟೀಲ್ ಸ್ಲೀವ್ ಕೂರಿಸಿ ಮೂಲ ಅಳತೆಗೆ ತರಬಹುದು. ಜತೆಗೆ ಲ್ಯೂಕಾಸ್, ಬಾಷ್, ಗರ್ಲಿಂಗ್, ಲಾಕ್‌ಹೀಡ್, ವೆಬರ್, ಸೋಲೆಕ್ಸ್, ಎಸ್‌ಯು ಮುಂತಾದ ಕಂಪನಿಗಳು ಒಂದೇ ಬಗೆಯ ಭಾಗಗಳನ್ನು ಹತ್ತಾರು ಕಾರು ತಯಾರಕರಿಗೆ ಕೊಟ್ಟಿದ್ದವು. ಹಾಗಾಗಿ ಅಪರೂಪದ ಕಾರಿನ ಕಾರ್ಬ್ಯುರೇಟರ್ ಕಿಟ್ ಕೂಡ ಸಾಮಾನ್ಯ ಕಾರಿನ ಹೆಸರಿನಲ್ಲಿ ಸಿಕ್ಕಿಬಿಡುತ್ತದೆ.

ಸಿಗದೇ ಇರುವುದು ಬೇರೆ. ಹಿಂದಿನ ಲೈಟಿನ ಕೆಂಪು ಗಾಜು, ಮುಂಭಾಗದ ಬಾಗಿದ ಗಾಜು, ಅದರ ಸುತ್ತಲಿನ ರಬ್ಬರ್ ಬೀಡಿಂಗ್, ಬಾಗಿಲ ಹಿಡಿ, ಬಂಪರಿನ ಮೂಲೆ ತುಂಡು, ಡ್ಯಾಶ್‌ಬೋರ್ಡಿನ ಮೇಲ್ಹೊದಿಕೆ, ಕ್ರೋಮ್ ಪಟ್ಟಿಯ ಕ್ಲಿಪ್ಪು. ಚಪ್ಪಟೆ ಗಾಜಾದರೆ ಲ್ಯಾಮಿನೇಟೆಡ್ ಗಾಜನ್ನು ಅಳತೆಗೆ ಕತ್ತರಿಸಿಕೊಡುತ್ತಾರೆ. ಬಾಗಿದ ಗಾಜಿಗೆ ಅಚ್ಚು ಬೇಕು, ಆ ಅಚ್ಚು ಎಲ್ಲೂ ಉಳಿದಿಲ್ಲದಿದ್ದರೆ ಒಂದು ಕಲ್ಲೇಟಿಗೆ ಇಡೀ ಕಾರೇ ನಿಂತುಹೋಗುತ್ತದೆ. ಬಾಗಿಲ ಹಿಡಿ, ಲೈಟಿನ ಕಟ್ಟು ಇವನ್ನು ಎಷ್ಟೋ ತಯಾರಕರು ಮಜಾಕ್ ಎಂಬ ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದರು. ಅದರ ಕ್ರೋಮ್ ಅಡಿ ಗುಳ್ಳೆ ಎದ್ದರೆ, ಉಜ್ಜಿದಷ್ಟೂ ಗುಳಿ ಆಳವಾಗುತ್ತದೆ. ಉಕ್ಕಿನ ಬಂಪರಿಗೆ ಮರುಲೇಪ ಮಾಡಿದಷ್ಟು ಸಲೀಸಾಗಿ ಅದಕ್ಕೆ ಮಾಡಲಾಗದು. ಎಂಜಿನ್ ಬಿಚ್ಚಿಟ್ಟಿದ್ದರೂ ಇಂಥ ಸಣ್ಣ ಸಾಮಾನೆಲ್ಲ ಪೂರ್ತಿ ಇರುವ ಕಾರು, ಓಡುವ ಎಂಜಿನ್ ಇದ್ದು ಇವೆಲ್ಲ ಕಳೆದುಹೋದ ಕಾರಿಗಿಂತ ಎಷ್ಟೋ ಮೇಲು.

ಒಂದೇ ಯಂತ್ರದ ಮೇಲೆ ಕಟ್ಟಿದ ಎರಡು ಕಾರುಗಳನ್ನು ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಫೋಕ್ಸ್‌ವ್ಯಾಗನ್ ಬೀಟಲ್ ಮತ್ತು ಕಾರ್ಮನ್ ಗಿಯಾ ಎರಡಕ್ಕೂ ಎಂಜಿನ್, ಗೇರ್‌ಬಾಕ್ಸ್, ಬ್ರೇಕ್ ಬಹುಪಾಲು ಒಂದೇ. ಬೀಟಲ್‌ನ ನಾಲ್ಕೂ ಮಡ್‌ಗಾರ್ಡ್‌ಗಳು ಬೋಲ್ಟಿನಲ್ಲಿ ನಿಂತಿವೆ. ಸ್ಪ್ಯಾನರ್ ಹಿಡಿದವರು ಯಾರಾದರೂ ಒಂದು ಮಧ್ಯಾಹ್ನದಲ್ಲಿ ಬದಲಿಸಬಹುದು. ಕಾರ್ಮನ್ ಗಿಯಾದ ಮೂತಿಯಾದರೋ ಹಲವು ತಗಡುಗಳನ್ನು ಬೆಸೆದು, ಸಂದನ್ನು ತವರ-ಸೀಸದಿಂದ ತುಂಬಿ, ಕೈಯಲ್ಲಿ ಉಜ್ಜಿ ನುಣುಪು ಮಾಡಿದ್ದು. ಅಲ್ಲಿ ಸಣ್ಣ ಡಿಕ್ಕಿಯಾದರೂ ನುರಿತ ಟಿಂಕರನೇ ಬೇಕು. ವೋಲ್ವೊದಲ್ಲೂ ಇದೇ ಕಥೆ. 1961ರಿಂದ 1973ರವರೆಗೆ ಬಂದ ಪಿ1800ರ ಎಂಜಿನ್ ಅದೇ ಕಂಪನಿಯ ಅಮೆಜಾನ್ ಕಾರಿನ ಬಿ18, ಬಿ20 ಸಾಲಿನದೇ, ಗಟ್ಟಿಮುಟ್ಟು, ಭಾಗಗಳೂ ಸಿಗುತ್ತವೆ. ಬಾಡಿಯ ತಗಡು, ಅಲಂಕಾರದ ಪಟ್ಟಿಗಳು ಮಾತ್ರ ಆ ಒಂದೇ ಕಾರಿನವು. ಅಂದ ನೋಡಿ ಪಿ1800 ಕೊಳ್ಳುವವರಿಗೆ ಬೇಡ ಎನ್ನಲಾರೆ. ಆದರೆ ವೋಲ್ವೊಗಳಲ್ಲಿ ಮೊದಲ ಕಾರು ಅಮೆಜಾನ್ ಆಗಲಿ.

ಮೊದಲ ಸಲ ಕೈಹಾಕುವವರಿಗೆ ನಾನು ಸೂಚಿಸುವುದು ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರು. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದವು. ಸಂಖ್ಯೆಗಿಂತ ದೊಡ್ಡ ಕಾರಣ ಇನ್ನೊಂದಿದೆ: ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಮೂಲ ಅಚ್ಚುಗಳನ್ನು ಹುಡುಕಿ ಕೂಡಿಹಾಕಿ, 1988ರಲ್ಲಿ ಇಡೀ ಬಾಡಿಯನ್ನೇ ಹೊಸದಾಗಿ ಒತ್ತಿ ಮಾರಲು ಶುರು ಮಾಡಿತು. ಹೊಸ ಬಾಡಿ ಸಿಗುವ ಕಾರಿಗೆ ಬಿಡಿ ತಗಡು ಸಿಗದೇ ಇರುತ್ತದೆಯೇ? 1798 ಸಿಸಿಯ ಬಿ-ಸೀರೀಸ್ ಎಂಜಿನ್ನೂ ಸರಳ.

ಹಾಗೆಂದು ಎಂಜಿಬಿಯನ್ನು ಕಣ್ಣುಮುಚ್ಚಿ ಕೊಳ್ಳುವಂತಿಲ್ಲ. ಅದರ ಜೀವ ಇರುವುದು ಬಾಗಿಲ ಕೆಳಗಿನ ಸಿಲ್‌ನಲ್ಲಿ. ಅದು ಒಂದು ತಗಡಲ್ಲ: ಹೊರಗಿನ ಸಿಲ್, ಮಧ್ಯದಲ್ಲಿ ನಿಲ್ಲುವ ಪೊರೆ ತಗಡು, ಒಳಗಿನ ಸಿಲ್, ಕೆಳಗೆ ಕ್ಯಾಸಲ್ ರೇಲ್ ಸೇರಿ ಪೆಟ್ಟಿಗೆಯಾಗುತ್ತದೆ. ಮೇಲ್ಛಾವಣಿ ಇಲ್ಲದ ಕಾರಿನಲ್ಲಿ ಮುಂದಿನ-ಹಿಂದಿನ ಭಾಗವನ್ನು ಹಿಡಿದಿಟ್ಟಿರುವುದು ಮುಖ್ಯವಾಗಿ ಈ ಪೆಟ್ಟಿಗೆಯೇ. ಸಿಲ್ ಮುಂದಕ್ಕೆ ಮಡ್‌ಗಾರ್ಡಿನ ಹಿಂದೆಯೂ, ಹಿಂದಕ್ಕೆ ಹಿಂದಿನ ಮಡ್‌ಗಾರ್ಡಿನ ಅಡಿಯೂ ಹಾದುಹೋಗುವುದರಿಂದ, ಸರಿಯಾಗಿ ಬದಲಿಸಬೇಕಾದರೆ ಮುಂದಿನ ಮಡ್‌ಗಾರ್ಡ್ ಬಿಚ್ಚಲೇಬೇಕು, ಹಿಂದಿನದರ ಕೆಳತುದಿ ಕತ್ತರಿಸಲೇಬೇಕು. ಇಷ್ಟು ಶ್ರಮ ಬೇಡವೆಂದು ಹಲವರು ತುಕ್ಕು ಹಿಡಿದ ಸಿಲ್ ಮೇಲೆಯೇ ಹೊಸ ತಗಡು ಹೊದಿಸಿ ಬಣ್ಣ ಬಳಿಯುತ್ತಾರೆ. ಮಡ್‌ಗಾರ್ಡಿನ ಅಂಚಿಗೆ ಸರಿಯಾಗಿ ಸಿಲ್ ಮೇಲೆ ನೆಟ್ಟಗೆ ಬೆಸುಗೆ ಗೆರೆ ಕಂಡರೆ ಅನುಮಾನ ಪಡಿ. ಬಾಗಿಲಿನ ಸಂದನ್ನು ನೋಡಿಕೊಂಡು ಕಾರಿನ ಒಂದು ಬದಿಯನ್ನು ಜಾಕಿಯಿಂದ ಎತ್ತಿ. ಸಂದು ಬದಲಾದರೆ ಅಥವಾ ಬಾಗಿಲು ಬಿಗಿದುಕೊಂಡರೆ ಒಳಗೆ ಏನೂ ಉಳಿದಿಲ್ಲ ಎಂದರ್ಥ. ಕೆಲಸಕ್ಕೆ ಇಳಿದಾಗ ಬಾಗಿಲ ಹಿಂಜಿನ ಕಂಬದಿಂದ ಲಾಕಿನ ಕಂಬಕ್ಕೆ ಅಡ್ಡಲಾಗಿ ಕಬ್ಬಿಣದ ಪೈಪ್ ವೆಲ್ಡ್ ಮಾಡಿ ಬಿಗಿದ ಮೇಲಷ್ಟೇ ಸಿಲ್ ಕತ್ತರಿಸಬೇಕು. ಒಂದು ಬದಿ ಪೂರ್ತಿ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಬಾರದು. ಪ್ರತಿ ಹಂತದಲ್ಲೂ ಬಾಗಿಲು ತೂಗುಹಾಕಿ ಸಂದು ನೋಡಬೇಕು. ಇದನ್ನು ಬಿಟ್ಟವರ ಕಾರು ಮಧ್ಯದಲ್ಲಿ ಜೋತುಬಿದ್ದು, ಬಾಗಿಲು ಮತ್ತೆಂದೂ ಸರಿಯಾಗಿ ಮುಚ್ಚುವುದಿಲ್ಲ.

ಬೀಟಲ್ ಇನ್ನೂ ಸುಲಭ ಎನ್ನುವವರಿದ್ದಾರೆ, ನಾನೂ ಒಪ್ಪುತ್ತೇನೆ. ಎರಡು ಕೋಟಿ ಹದಿನೈದು ಲಕ್ಷಕ್ಕೂ ಹೆಚ್ಚು ತಯಾರಾಗಿ, ಕೊನೆಯದು ಮೆಕ್ಸಿಕೊದ ಪ್ಯುಬ್ಲಾದಲ್ಲಿ 2003ರಲ್ಲಿ ಹೊರಬಂದ ಕಾರದು. ತೊಡಕು ಏನೆಂದರೆ ಹೊರಗಿನಿಂದ ಒಂದೇ ಥರ ಕಾಣುವ ಬೀಟಲ್‌ಗಳ ಒಳಗೆ ವರ್ಷಕ್ಕೊಂದು ಬದಲಾವಣೆ ಇದೆ. ಆರು ವೋಲ್ಟಿನ ಹಳೆಯ ಮಾದರಿಗಳ ಫ್ಲೈವ್ಹೀಲಿಗೆ 109 ಹಲ್ಲು, ಹನ್ನೆರಡು ವೋಲ್ಟಿನವಕ್ಕೆ 130. ಎಂಜಿನ್ ಅದಲುಬದಲಾಗಿದ್ದರೆ ಸ್ಟಾರ್ಟರ್ ಹೊಂದುವುದಿಲ್ಲ. 1970ರಲ್ಲಿ ಬಂದ 1302, ಆಮೇಲಿನ 1303 ಮಾದರಿಗಳ ಮುಂಭಾಗದಲ್ಲಿ ಟಾರ್ಷನ್ ಬಾರ್ ಬದಲು ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಬೇರೆ ಬಗೆಯ ಸಸ್ಪೆನ್ಷನ್ ಇದೆ. ಬಾನೆಟ್ಟು, ಮುಂದಿನ ಒಳತಗಡು ಎಲ್ಲ ಬೇರೆ. ತುಕ್ಕು ಹುಡುಕಬೇಕಾದದ್ದು ಹೀಟರ್ ಚಾನೆಲ್‌ನಲ್ಲಿ, ನೆಲದ ತಗಡಿನಲ್ಲಿ, ಹಿಂದಿನ ಸೀಟಿನಡಿ ಬ್ಯಾಟರಿ ಕೂರುವ ಜಾಗದಲ್ಲಿ. ಹೀಟರ್ ಚಾನೆಲ್ ಬಿಸಿಗಾಳಿಯ ಕೊಳವೆ ಮಾತ್ರವಲ್ಲ, ಬಾಡಿಯ ಆಧಾರವೂ ಹೌದು. ಅದನ್ನು ಬದಲಿಸುವಾಗಲೂ ಎಂಜಿಬಿಗೆ ಹೇಳಿದಂತೆ ಬಾಗಿಲ ಚೌಕಟ್ಟಿಗೆ ಬಿಗಿ ಬೇಕು.

ಮಿನಿ, ಫಿಯೆಟ್ 500, ಮೋರಿಸ್ ಮೈನರ್, ಲ್ಯಾಂಡ್‌ರೋವರ್ ಸೀರೀಸ್ ಕಾರುಗಳಿಗೂ ಭಾಗಗಳ ಕೊರತೆಯಿಲ್ಲ. ಮಿನಿಯಲ್ಲಿ ಹಿಂದಿನ ಚಕ್ರಗಳನ್ನು ಹೊರುವ ಸಬ್‌ಫ್ರೇಮ್, ಲ್ಯಾಂಡ್‌ರೋವರಿನಲ್ಲಿ ಚಾಸಿ ಮತ್ತು ಎಂಜಿನ್ ಹಿಂದಿನ ಅಡ್ಡಗೋಡೆಯಾದ ಬಲ್ಕ್‌ಹೆಡ್ ನೋಡಿದರೆ ಸಾಕು. ಅಲ್ಯುಮಿನಿಯಂ ಬಾಡಿ ನೋಡಿ ತುಕ್ಕಿಲ್ಲ ಎಂದುಕೊಳ್ಳಬೇಡಿ. ಮೋರಿಸ್ ಮೈನರಿನಲ್ಲಿ ಮುಂದಿನ ಚಕ್ರಕ್ಕೆ ಆಧಾರವಾದ ತಿರುಪಿನ ಕೀಲಿಗೆ, ಅಂದರೆ ಟ್ರನಿಯನ್‌ಗೆ, ಕಾಲಕಾಲಕ್ಕೆ ಗ್ರೀಸ್ ಹೊಡೆಯದಿದ್ದರೆ ತಿರುಪಿನ ಎಳೆ ಸವೆದು ಚಕ್ರವೇ ಮಡಚಿಬೀಳುತ್ತದೆ. ಟ್ರಯಂಫ್ ಸ್ಪಿಟ್‌ಫೈರ್, ಹೆರಾಲ್ಡ್‌ಗಳ ಟ್ರನಿಯನ್‌ಗೆ ಹಾಕಬೇಕಾದದ್ದು ಗ್ರೀಸಲ್ಲ, ಇಪಿ90 ಗೇರ್ ಆಯಿಲ್.

ಮರ್ಸಿಡಿಸ್ ಡಬ್ಲ್ಯು123 ಬಗ್ಗೆ ಎರಡು ಮಾತು. 1976ರಿಂದ ಹತ್ತು ವರ್ಷ ಮಾರಾಟವಾಗಿ, ಸುಮಾರು 27 ಲಕ್ಷ ತಯಾರಾದ ಈ ಕಾರಿಗೆ ಕಂಪನಿಯೇ ತನ್ನ ಕ್ಲಾಸಿಕ್ ವಿಭಾಗದ ಮೂಲಕ ಭಾಗಗಳನ್ನು ಒದಗಿಸುತ್ತದೆ. ಡೀಸೆಲ್ ಮಾದರಿಗಳನ್ನು ಜನ ಗಟ್ಟಿ ಎಂದು ಹೊಗಳುತ್ತಾರೆ, ಅದು ನಿಜ. ಆದರೆ ಎಂಜಿನ್ ಆಫ್ ಆಗುವುದು, ಬಾಗಿಲುಗಳು ಲಾಕ್ ಆಗುವುದು ಎರಡೂ ವ್ಯಾಕ್ಯೂಮ್ (ಕೊಳವೆಯಿಂದ ಗಾಳಿ ಹೀರಿದ ನಿರ್ವಾತ) ಮೇಲೆ ನಡೆಯುವುದರಿಂದ, ಎಲ್ಲೋ ಒಂದು ಬಾಗಿಲ ಒಳಗಿನ ರಬ್ಬರ್ ಡಯಾಫ್ರಾಂ ಹರಿದರೆ ಕೀಲಿ ತಿರುಗಿಸಿದರೂ ಎಂಜಿನ್ ನಿಲ್ಲದಿರಬಹುದು. ಪೆಟ್ರೋಲಿನ 230ಇ, 280ಇ ಕೊಳ್ಳುವವರು ಬಾಷ್ ಕೆ-ಜೆಟ್ರಾನಿಕ್ ಇಂಜೆಕ್ಷನ್ನಿನ ಸಿಲಿಂಡರುಗಳಿಗೆ ಪೆಟ್ರೋಲ್ ಹಂಚುವ ಫ್ಯುಯೆಲ್ ಡಿಸ್ಟ್ರಿಬ್ಯೂಟರ್ ಪರೀಕ್ಷಿಸಬೇಕು. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಹಳೆ ಪೆಟ್ರೋಲ್ ಅಂಟಾಗಿ ಅದರ ಪ್ಲಂಜರ್ ಸಿಕ್ಕಿಕೊಂಡಿರುತ್ತದೆ. ತುಕ್ಕು ಜಾಕಿ ಇಡುವ ಜಾಗದಲ್ಲಿ, ಮುಂಗಾಜಿನ ರಬ್ಬರಿನಡಿ ಅಡಗಿರುತ್ತದೆ.

ಸಿಟ್ರಾನ್ ಮೆಚ್ಚುವವರಿಗೆ 2ಸಿವಿ ಒಳ್ಳೆಯ ಆರಂಭ. ಬಾಡಿಯ ತಗಡುಗಳು ಬಹುಪಾಲು ಬೋಲ್ಟಿನಲ್ಲಿ ಬಿಚ್ಚಿಬರುತ್ತವೆ, ಕೊಳೆತ ಚಾಸಿಗೆ ಬದಲಾಗಿ ಗ್ಯಾಲ್ವನೈಸ್ ಮಾಡಿದ ಹೊಸದೇ ಸಿಗುತ್ತದೆ. ಆದರೆ ಯಾವ ದ್ರವ ಎಲ್ಲಿ ಎಂಬುದು ಬಾಯಿಪಾಠವಾಗಿರಬೇಕು. 1980ರ ದಶಕದ ಡಿಸ್ಕ್ ಬ್ರೇಕ್ 2ಸಿವಿಗೆ ಹಸಿರು ಬಣ್ಣದ ಎಲ್‌ಎಚ್‌ಎಂ ಖನಿಜ ತೈಲ, ಹಳೆಯ ಡ್ರಮ್ ಬ್ರೇಕ್ ಕಾರಿಗೆ ಸಾಮಾನ್ಯ ಬ್ರೇಕ್ ಆಯಿಲ್. ಒಂದರಲ್ಲಿ ಇನ್ನೊಂದನ್ನು ಸುರಿದರೆ ಸೀಲುಗಳು ಊದಿ ಇಡೀ ವ್ಯವಸ್ಥೆ ಹಾಳಾಗುತ್ತದೆ. ಡಿಎಸ್ ಕಾರಿನಲ್ಲೂ 1966ರ ಹಿಂದು ಮುಂದಿನ ಮಾದರಿಗಳಿಗೆ ದ್ರವ ಬೇರೆ ಬೇರೆ. ಹಳೆಯವು ಎಲ್‌ಎಚ್‌ಎಸ್ ಎಂಬ ದ್ರವ ಬೇಡುತ್ತವೆ, ಆ ಸೀಲುಗಳೂ ಬೇರೆ.

ತಯಾರಾದ ಸಂಖ್ಯೆ ಕಡಿಮೆ ಎಂದ ಮಾತ್ರಕ್ಕೆ ಕಾರನ್ನು ತಳ್ಳಿಹಾಕಬೇಕಿಲ್ಲ. ಟ್ರಯಂಫ್ ಸ್ಟ್ಯಾಗ್ ತಯಾರಾದದ್ದು 25,877 ಮಾತ್ರ, ಅದರ ಮೂರು ಲೀಟರ್ ವಿ8 ಎಂಜಿನ್ ಬೇರೆ ಯಾವ ಕಾರಿಗೂ ಹೋಗಲಿಲ್ಲ. ವಾಟರ್ ಪಂಪ್ ಎಂಜಿನ್ನಿನ ನೆತ್ತಿಯ ಮೇಲಿರುವುದರಿಂದ ಕೂಲೆಂಟ್ ಸ್ವಲ್ಪ ಕಡಿಮೆಯಾದರೂ ಪಂಪ್ ಒಣಗಿ ಹೆಡ್ (ಎಂಜಿನ್ನಿನ ಸಿಲಿಂಡರುಗಳ ಮೇಲಿನ ಮುಚ್ಚಳ) ಬಾಗುತ್ತದೆ ಎಂಬ ಕುಖ್ಯಾತಿಯೂ ಇದೆ. ಆದರೂ ಮಾಲೀಕರ ಸಂಘಗಳು ಬಿಡದೆ ಭಾಗಗಳನ್ನು ಮಾಡಿಸುತ್ತ ಬಂದದ್ದರಿಂದ ಅದನ್ನು ಇಂದಿಗೂ ಪೂರ್ತಿ ಕಟ್ಟಬಹುದು. ಅದೇ ವ್ಯಾಂಕೆಲ್ (ಸುತ್ತುವ ಪಿಸ್ಟನ್ನಿನ) ಎಂಜಿನ್ನಿನ ಎನ್‌ಎಸ್‌ಯು ಆರ್‌ಒ80, ಮಸೆರಾಟಿ ವಿ6 ಹೊತ್ತ ಸಿಟ್ರಾನ್ ಎಸ್‌ಎಂ ಇವು ಅನುಭವಿಗಳಿಗೇ ಇರಲಿ. ಎಸ್‌ಎಂ ತಯಾರಾದದ್ದು 12,920. ಅದರ ಟೈಮಿಂಗ್ ಚೈನ್ ಟೆನ್ಷನರ್ ಕೈಕೊಟ್ಟರೆ ವಾಲ್ವುಗಳೆಲ್ಲ ಹೋಗುತ್ತವೆ. ತಯಾರಕ ಕಂಪನಿ ಮುಚ್ಚಿದೆಯೇ ಎಂಬುದೂ ಒಂದೇ ಅಳತೆಗೋಲಲ್ಲ. ಸಾಬ್ ಕಂಪನಿ 2011ರಲ್ಲಿ ದಿವಾಳಿಯಾದರೂ ಅದರ ಬಿಡಿಭಾಗಗಳ ಘಟಕ ಬೇರೆ ಹೆಸರಿನಲ್ಲಿ ಉಳಿಯಿತು.

ಬಲಗಡೆ ಸ್ಟಿಯರಿಂಗ್ ಬೇಕೆನ್ನುವವರಿಗೆ ವಿಶೇಷ ಎಚ್ಚರಿಕೆ. ಯುರೋಪ್ ಖಂಡದ ಕಾರುಗಳು ಹೆಚ್ಚಿನಂಶ ಎಡಗಡೆ ಸ್ಟಿಯರಿಂಗಿನವು. ಅದೇ ಮಾದರಿಯ ಬಲಗಡೆಯ ಕಾರಿಗೆ ಸ್ಟಿಯರಿಂಗ್ ಬಾಕ್ಸ್, ಪೆಡಲ್ ಜೋಡಣೆ, ಡ್ಯಾಶ್‌ಬೋರ್ಡ್, ವೈಪರ್ ಲಿಂಕೇಜ್, ಎಷ್ಟೋ ಸಲ ಸೈಲೆನ್ಸರ್ ಪೈಪಿನ ಬಾಗು ಕೂಡ ಬೇರೆ. ಇಂಗ್ಲೆಂಡಿನ ಸ್ಲೋದಲ್ಲಿ ಜೋಡಿಸಿದ ಸಿಟ್ರಾನ್ ಡಿಎಸ್‌ಗಳಿಗೆ ಲ್ಯೂಕಾಸ್ ವಿದ್ಯುತ್ ಭಾಗಗಳಿದ್ದವು. ಫ್ರಾನ್ಸಿನ ಕಾರಿನ ಭಾಗ ತರಿಸಿದರೆ ಹೊಂದದು. ಮಾದರಿಗೆ ಭಾಗ ಸಿಗುತ್ತದೆ ಎಂದು ಕೇಳಿ ತೃಪ್ತರಾಗದೆ, ನಿಮ್ಮ ಬದಿಯ ಸ್ಟಿಯರಿಂಗಿಗೆ ಸಿಗುತ್ತದೆಯೇ ಎಂದು ಕೇಳಿ.

ಟೈರನ್ನು ಯಾರೂ ಯೋಚಿಸುವುದಿಲ್ಲ. 1970ರ ದಶಕದ ನಡುವಿನಿಂದ ಕೆಲವು ಬಿಎಂಡಬ್ಲ್ಯು, ಪೂಜೊ, ಸಿಟ್ರಾನ್ ಕಾರುಗಳಿಗೆ ಮಿಷೆಲಿನ್ ಟಿಆರ್‌ಎಕ್ಸ್ ಟೈರ್ ಬಂತು. ಅದರ ರಿಮ್ ಅಳತೆ ಇಂಚಿನಲ್ಲಿಲ್ಲ, 390 ಮಿಲಿಮೀಟರ್ ಎಂಬಂತೆ ಇರುತ್ತದೆ. ಹದಿನೈದು ಇಂಚು ಎಂದರೆ 381 ಮಿಲಿಮೀಟರ್. ರಿಮ್ಮಿನ ಅಂಚೂ ಬೇರೆ ಆಕಾರದ್ದು, ಹಾಗಾಗಿ ಸಾಮಾನ್ಯ ಟೈರ್ ಅದಕ್ಕೆ ಕೂರುವುದೇ ಇಲ್ಲ. ಅಂಥ ಕಾರು ಕೊಂಡರೆ ರಿಮ್ ಬದಲಿಸುವ ಲೆಕ್ಕವನ್ನೂ ಹಾಕಿ.

ಇನ್ನು ಹುಡುಕುವ ಕ್ರಮ. ಕಾರಿಗೆ ಮುಂಗಡ ಕೊಡುವ ಮೊದಲು ಆ ಮಾದರಿಯ ಪಾರ್ಟ್ಸ್ ಪುಸ್ತಕ ಮತ್ತು ವರ್ಕ್‌ಶಾಪ್ ಮ್ಯಾನುಯಲ್ ಸಂಪಾದಿಸಿ. ಪಾರ್ಟ್ಸ್ ಪುಸ್ತಕದಲ್ಲಿ ಇಂಥ ಚಾಸಿ ನಂಬರಿನಿಂದ ಮುಂದೆ ಇಂಥ ಭಾಗ ಎಂಬ ಗಡಿಗಳಿರುತ್ತವೆ. ನೀವು ನೋಡುತ್ತಿರುವ ಕಾರಿನ ನಂಬರ್ ಯಾವ ಕಡೆ ಬೀಳುತ್ತದೆ ನೋಡಿ. ಚಾಸಿ ಮೇಲೆ ಕೊರೆದ ನಂಬರ್, ಫಲಕದ ನಂಬರ್, ದಾಖಲೆಯ ನಂಬರ್ ಮೂರೂ ಒಂದೇ ಆಗಿರಬೇಕು. ಆಮೇಲೆ ಸುಮಾರು ಇಪ್ಪತ್ತೈದು ಭಾಗಗಳ ಪಟ್ಟಿ ಬರೆಯಿರಿ. ಎರಡೂ ಬದಿಯ ಮಡ್‌ಗಾರ್ಡ್, ಸಿಲ್, ನೆಲದ ತಗಡು, ಮುಂಗಾಜು, ಅದರ ರಬ್ಬರ್, ಬಾಗಿಲ ರಬ್ಬರ್, ಲೈಟಿನ ಗಾಜುಗಳು, ಬಂಪರ್, ಗ್ರಿಲ್ ಮೊದಲು ಬರಲಿ. ನಂತರ ಬ್ರೇಕ್ ಸಿಲಿಂಡರುಗಳು, ಹೆಡ್ ಗ್ಯಾಸ್ಕೆಟ್, ಪಿಸ್ಟನ್ ಸೆಟ್, ಗೇರ್‌ಬಾಕ್ಸಿನ ಸಿಂಕ್ರೊ ರಿಂಗ್, ಕ್ಲಚ್ ಪ್ಲೇಟ್, ಸ್ಟಿಯರಿಂಗ್ ಜಾಯಿಂಟ್, ಸೈಲೆನ್ಸರ್. ಪ್ರತಿಯೊಂದರ ಮುಂದೆ ಹೊಸದು ಸಿಗುತ್ತದೆಯೋ, ಹಳೆಯದು ಮಾತ್ರವೋ, ಎಲ್ಲೂ ಇಲ್ಲವೋ ಎಂದು ಗುರುತು ಹಾಕಿ. ಕ್ಯಾಟಲಾಗಿನಲ್ಲಿ ಚಿತ್ರವಿದ್ದರೆ ಸಾಲದು, ಈಗ ದಾಸ್ತಾನಿದೆಯೇ ಎಂದು ಮಾರುವವರನ್ನೇ ಕೇಳಬೇಕು. ಎಲ್ಲೂ ಇಲ್ಲ ಎಂಬ ಗುರುತು ಬಿದ್ದ ಭಾಗ ನೀವು ನೋಡಿದ ಕಾರಿನಲ್ಲಿ ಚೆನ್ನಾಗಿದ್ದರೆ ಮುಂದುವರಿಯಿರಿ. ಅದೇ ಭಾಗ ಒಡೆದಿದ್ದರೆ ಬೇರೆ ಕಾರು ನೋಡಿ. ಮಡ್‌ಗಾರ್ಡ್, ಬಾನೆಟ್‌ನಂಥ ದೊಡ್ಡ ತಗಡುಗಳ ಸಾಗಣೆ ವೆಚ್ಚವನ್ನು ತೂಕಕ್ಕಲ್ಲ, ಪೆಟ್ಟಿಗೆಯ ಗಾತ್ರಕ್ಕೆ ಹಾಕುವುದುಂಟು. ಆ ವೆಚ್ಚ ಕೆಲವೊಮ್ಮೆ ತಗಡಿನ ಬೆಲೆಯನ್ನೂ ಮೀರುತ್ತದೆ.

ಎಂಜಿನ್ ಭಾಗಗಳನ್ನು ಮಾತ್ರ ಮೊದಲೇ ತರಿಸಬೇಡಿ. ಬಿಚ್ಚಿ ಅಳೆಯದೆ ಯಾವ ಸೈಜ್ ಬೇಕೆಂದು ತಿಳಿಯದು. ಕ್ರ್ಯಾಂಕ್ ಆಗಲೇ ಕೊನೆಯ ಅಂಡರ್‌ಸೈಜಿಗೆ ಗ್ರೈಂಡ್ ಆಗಿದ್ದರೆ ತಂದ ಬೇರಿಂಗ್ ವ್ಯರ್ಥ.

ಸಿಗುವ ಹೊಸ ಭಾಗವೆಲ್ಲ ಒಳ್ಳೆಯದಲ್ಲ ಎಂಬುದನ್ನೂ ಹೇಳಬೇಕು. ಮರುತಯಾರಿಕೆಯ ತಗಡನ್ನು ಬಣ್ಣಕ್ಕೆ ಮುಂಚೆ ಕಾರಿಗೆ ಕೂರಿಸಿ ನೋಡಲೇಬೇಕು. ಬೋಲ್ಟಿನ ತೂತು ಜರುಗಿರುವುದು, ಅಂಚಿನ ಬಾಗು ತಪ್ಪಿರುವುದು ಸಾಮಾನ್ಯ. ಬಣ್ಣ ಬಳಿದ ಮೇಲೆ ಮಾರಾಟಗಾರರು ವಾಪಸ್ ಪಡೆಯುವುದಿಲ್ಲ. ಬಾಗಿಲ ರಬ್ಬರ್ ತೀರ ಗಟ್ಟಿಯಾಗಿದ್ದರೆ ಬಾಗಿಲು ಮುಚ್ಚುವುದಿಲ್ಲ, ಆಗ ಜನ ಹಿಂಜು ಬಾಗಿಸಲು ಹೋಗಿ ಸಂದು ಕೆಡಿಸುತ್ತಾರೆ. ಕಿಡಿ ಹೊತ್ತಿಸುವ ವ್ಯವಸ್ಥೆಯ ಅಗ್ಗದ ಕಂಡೆನ್ಸರ್, ರೋಟರ್‌ಗಳು ಬಿಸಿಯಾದಾಗ ಕೈಕೊಡುತ್ತವೆ, ಕಾರು ದಾರಿಯಲ್ಲಿ ನಿಂತು ತಣ್ಣಗಾದ ಮೇಲೆ ಮತ್ತೆ ಹೊರಡುತ್ತದೆ. ಇದನ್ನು ಕಾರ್ಬ್ಯುರೇಟರ್ ದೋಷವೆಂದು ತಿಳಿದು ಅದನ್ನು ಬಿಚ್ಚಿ ಕೂರುವವರು ಬಹಳ. ಇನ್ನು ಹಳೆ ದಾಸ್ತಾನಿನ ಪೆಟ್ಟಿಗೆ ಒಡೆಯದ ಮಾಲು ಎಂದರೆ ಹಲವರಿಗೆ ಆಸೆ. ಲೋಹದ ಭಾಗವಾದರೆ ಖಂಡಿತ ಕೊಳ್ಳಿ, ಹೊಸ ನಕಲಿಗಿಂತ ಅದೇ ಲೇಸು. ಮೂವತ್ತು ವರ್ಷ ಕಪಾಟಿನಲ್ಲಿದ್ದ ಬ್ರೇಕ್ ಹೋಸ್, ಬ್ರೇಕ್ ಸಿಲಿಂಡರಿನ ರಬ್ಬರ್, ಟೈರ್ ಮಾತ್ರ ಬಳಸಲೇಬಾರದು. ರಬ್ಬರ್ ಪೆಟ್ಟಿಗೆಯೊಳಗೂ ಮುದಿಯಾಗುತ್ತದೆ.

ಇಂಧನದ ವಿಷಯದಲ್ಲಿ ಎರಡು ಬದಲಾವಣೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸೀಸವಿಲ್ಲದ ಪೆಟ್ರೋಲಿನಲ್ಲಿ, ಬೀಡುಕಬ್ಬಿಣದ ಹೆಡ್ಡಿಗೇ ನೇರವಾಗಿ ಕೊರೆದ ಎಕ್ಸಾಸ್ಟ್ ವಾಲ್ವ್ ಸೀಟುಗಳು ಸವೆದು ಟ್ಯಾಪೆಟ್ ಸಂದು (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಜಾಗ) ಕಡಿಮೆಯಾಗುತ್ತ ಹೋಗುತ್ತದೆ. ಹೆಡ್ ಹೇಗೂ ಬಿಚ್ಚಿದಾಗ ಗಡುಸು ಸೀಟು ಕೂರಿಸಿಬಿಡಿ. ಅಲ್ಯುಮಿನಿಯಂ ಹೆಡ್ಡಿನ ಕಾರುಗಳಲ್ಲಿ ಬೇರೆ ಸೀಟು ಮೊದಲೇ ಇರುತ್ತದೆ. ಎಥೆನಾಲ್ ಬೆರೆಸಿದ ಪೆಟ್ರೋಲ್ ಹಳೆಯ ರಬ್ಬರ್ ಪೈಪನ್ನು ಒಳಗಿನಿಂದ ಮೆದುಗೊಳಿಸುತ್ತದೆ, ಹೊರಗೆ ಬಿರುಕು ಕಂಡಾಗ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕುತ್ತಿರುತ್ತದೆ. ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗಿನ ಎಲ್ಲ ಪೈಪುಗಳನ್ನೂ ಎಸ್‌ಎಇ ಜೆ30 ಆರ್9 ಗುರುತಿನವಕ್ಕೆ ಬದಲಿಸಿ. ಇದನ್ನು ಕಾರು ಮೊದಲ ಸಲ ಸ್ಟಾರ್ಟ್ ಮಾಡುವ ಮುನ್ನವೇ ಮಾಡಬೇಕು, ಆಮೇಲಲ್ಲ.

ಬಿಚ್ಚಿದ ಹಳೆಯ ಭಾಗಗಳನ್ನು ಗುಜರಿಗೆ ಹಾಕುವ ಆತುರ ಬೇಡ. ಸ್ಟಾರ್ಟರ್, ಡೈನಮೊ, ಬ್ರೇಕ್ ಕ್ಯಾಲಿಪರ್, ಸ್ಟಿಯರಿಂಗ್ ರ‍್ಯಾಕ್ ಮುಂತಾದವನ್ನು ಎಷ್ಟೋ ಮಾರಾಟಗಾರರು ಹಳೆಯದು ಕೊಟ್ಟರಷ್ಟೇ ಪೂರ್ತಿ ಬೆಲೆಗೆ ರಿಯಾಯಿತಿ ಕೊಡುತ್ತಾರೆ. ಒಡೆದ ಪ್ಲಾಸ್ಟಿಕ್ ಲೈಟು, ಹರಿದ ಬೀಡಿಂಗ್, ತುಕ್ಕು ತಿಂದ ಬ್ರಾಕೆಟ್ ಎಲ್ಲವೂ ಹೊಸದನ್ನು ಮಾಡಿಸಲು ಅಚ್ಚಿನ ಅಳತೆಯಾಗುತ್ತವೆ. ಬೋಲ್ಟುಗಳನ್ನೂ ಬಿಚ್ಚಿದ ಜಾಗದ ಹೆಸರು ಬರೆದ ಚೀಲಗಳಲ್ಲಿಡಿ, ಏಕೆಂದರೆ ಬ್ರಿಟಿಷ್ ಕಾರುಗಳಲ್ಲಿ ಬಿಎಸ್‌ಎಫ್, ಯುಎನ್‌ಎಫ್ ಎಂಬ ಇಂಚಿನ ಅಳತೆಯ ತಿರುಪಿನ ಎಳೆಗಳೂ, ಯುರೋಪ್ ಖಂಡದ ಕಾರುಗಳಲ್ಲಿ ಮೆಟ್ರಿಕ್ ಎಳೆಗಳೂ ಇದ್ದು, ಒಂದನ್ನು ಇನ್ನೊಂದರ ತೂತಿಗೆ ತಿರುಗಿಸಿದರೆ ಅಲ್ಯುಮಿನಿಯಂ ಎರಕದ ಎಳೆ ಕಿತ್ತುಬರುತ್ತದೆ. ಕಾರು ಪೂರ್ತಿ ಜೋಡಣೆಯಾಗಿ ಸಾವಿರ ಕಿಲೋಮೀಟರ್ ಓಡಿದ ಮೇಲೆ ಆ ಚೀಲಗಳನ್ನು ತೆಗೆದು ನೋಡಿ, ಬೇಡದ್ದನ್ನು ಅದೇ ಮಾದರಿ ಕಟ್ಟುತ್ತಿರುವ ಇನ್ನೊಬ್ಬರಿಗೆ ಕೊಡಿ.

ಇಂತಿ,
ಹಳೆ ಕಾರುಗಳ ದುರಸ್ತಿಗಾರ